ಐವರು ನಟಿಯರು, ಒಂದು ಆಸ್ಕರ್: 1950ರ ಪಟ್ಟಿಯಲ್ಲಿ ನಿಮ್ಮ ಮತ ಯಾರಿಗೆ?

ಕಾಸರಗೋಡಿನವರಿಗೆ ಸಿನಿಮಾ ಪ್ರಶಸ್ತಿಯ ಮೇಲೆ ಜಗಳ ಮಾಡಲು ವರ್ಷಕ್ಕೆ ಮೂರು ಅವಕಾಶ. ಕೇರಳ ರಾಜ್ಯ ಪ್ರಶಸ್ತಿ ಬಂದಾಗ ಒಮ್ಮೆ, ರಾಷ್ಟ್ರ ಪ್ರಶಸ್ತಿ ಬಂದಾಗ ಇನ್ನೊಮ್ಮೆ, ಕರ್ನಾಟಕದ್ದು ತಡವಾಗಿಯಾದರೂ ಬಂದರೆ ಮತ್ತೊಮ್ಮೆ. ಮಲಯಾಳ ಸಿನಿಮಾ ನೋಡಿ, ಕನ್ನಡದಲ್ಲಿ ವಾದಿಸಿ, ಸಿಟ್ಟು ಬಂದರೆ ತುಳುವಿಗೆ ಹೊರಳುವ ಜನ ನಾವು. ಆದರೆ ಈ ಮೂರರಲ್ಲೂ ವಾದಕ್ಕೆ ಬೇಕಾದ ಮುಖ್ಯ ಸಾಮಗ್ರಿಯೇ ಕೈಗೆ ಸಿಗುವುದಿಲ್ಲ. ತೀರ್ಪುಗಾರರ ಮಂಡಳಿ ಸಿನಿಮಾಗಳನ್ನು ನೋಡಿ, ಗೆದ್ದವರ ಹೆಸರು ಹೇಳಿ ಎದ್ದುಹೋಗುತ್ತದೆ. ಅವರು ಯಾರನ್ನು ಹಿಂದಿಕ್ಕಿ ಗೆದ್ದರು ಎಂಬ ಪಟ್ಟಿಯನ್ನು ಮೊದಲೇ ಹೊರಗೆ ಬಿಡುವ ಪದ್ಧತಿ ಇಲ್ಲ. ಆಸ್ಕರಿನಲ್ಲಾದರೆ ಐದು ಹೆಸರು ವಾರಗಟ್ಟಲೆ ಮುಂಚೆಯೇ ಊರಿಗೆಲ್ಲ ಗೊತ್ತು. ಗೆದ್ದವರು ಒಬ್ಬರು, ಸೋತವರು ನಾಲ್ವರು, ಐವರ ಕೆಲಸವೂ ಕಣ್ಣೆದುರು.

ಅದಕ್ಕೇ ವಾಚನಾಲಯದ ಮಹಡಿಯಲ್ಲಿ ಭಾನುವಾರ ಸಂಜೆ ಸಿನಿಮಾ ಹಾಕುವ ನಮ್ಮ ಸಣ್ಣ ಗುಂಪು ಹಳೆಯ ಆಸ್ಕರ್ ಪಟ್ಟಿಗಳನ್ನು ಹಿಡಿದುಕೊಂಡು ಕೂರುತ್ತದೆ. ಸಿನಿಮಾಗಳನ್ನು ಒಂದೊಂದಾಗಿ ನೋಡುವುದು, ಹಳೆ ಬಸ್ ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಯಲ್ಲಿ ಕಿತ್ತಾಡುವುದು, ಕೊನೆಗೆ ಚೀಟಿ ಹಾಕುವುದು. ನೀವೂ ನಿಮ್ಮೂರಲ್ಲಿ ಹೀಗೆ ಮಾಡುವುದಾದರೆ ಮೊದಲು ಕೈಗೆತ್ತಿಕೊಳ್ಳಬೇಕಾದ್ದು 1950ರ ಚಿತ್ರಗಳ ಪಟ್ಟಿ, ಅಂದರೆ 1951ರ ಮಾರ್ಚ್ 29ರಂದು ಹಾಲಿವುಡ್‌ನ ಪ್ಯಾಂಟೇಜಸ್ ಥಿಯೇಟರಿನಲ್ಲಿ ನಡೆದ 23ನೇ ಸಮಾರಂಭದ್ದು. ಅತ್ಯುತ್ತಮ ನಟಿಯ ವಿಭಾಗದಲ್ಲಿದ್ದವರು ಇವರು: 'ಆಲ್ ಅಬೌಟ್ ಈವ್' ಚಿತ್ರಕ್ಕೆ ಬೆಟ್ಟಿ ಡೇವಿಸ್, ಅದೇ ಚಿತ್ರಕ್ಕೆ ಆ್ಯನ್ ಬ್ಯಾಕ್ಸ್‌ಟರ್, 'ಸನ್‌ಸೆಟ್ ಬುಲೆವಾರ್ಡ್'ಗೆ ಗ್ಲೋರಿಯಾ ಸ್ವಾನ್ಸನ್, 'ಕೇಜ್ಡ್'ಗೆ ಎಲೆನರ್ ಪಾರ್ಕರ್, 'ಬಾರ್ನ್ ಯೆಸ್ಟರ್‌ಡೇ'ಗೆ ಜೂಡಿ ಹಾಲಿಡೇ.

ಗೆದ್ದದ್ದು ಹಾಲಿಡೇ. ಅಂದಿನಿಂದ ಇಂದಿನವರೆಗೂ ಸಿನಿಮಾ ಪ್ರಿಯರ ದೊಡ್ಡ ಪಾಲು "ಅನ್ಯಾಯ" ಎನ್ನುತ್ತಲೇ ಇದೆ. ಡೇವಿಸ್‌ಗೆ ಕೊಡಬೇಕಿತ್ತು ಎಂದು ಅರ್ಧ ಜನ, ಸ್ವಾನ್ಸನ್‌ಗೆ ಎಂದು ಇನ್ನರ್ಧ. ನನ್ನ ಮತ ಎಲ್ಲಿಗೆ ಹೋಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಒಂದು ಸಂಗತಿ ತಿಳಿದಿರಲಿ: ಆ ವರ್ಷ ಬೇರೆ ಬೇರೆ ಕಡೆಯವರು ಬೇರೆ ಬೇರೆ ತೀರ್ಪು ಕೊಟ್ಟಿದ್ದರು. ನ್ಯೂಯಾರ್ಕಿನ ವಿಮರ್ಶಕರು ಡೇವಿಸ್‌ರನ್ನು ಆರಿಸಿದರು, ಕಾನ್ ಉತ್ಸವವೂ 1951ರಲ್ಲಿ ಅವರನ್ನೇ ಆರಿಸಿತು. ವೆನಿಸ್ ಉತ್ಸವ 1950ರಲ್ಲಿ ಪಾರ್ಕರ್‌ಗೆ ಕೊಟ್ಟಿತು. ನ್ಯಾಷನಲ್ ಬೋರ್ಡ್ ಆಫ್ ರಿವ್ಯೂ ಸ್ವಾನ್ಸನ್ ಎಂದಿತು. ಗೋಲ್ಡನ್ ಗ್ಲೋಬ್‌ನವರು ಗಂಭೀರ ಚಿತ್ರ ಬೇರೆ, ಹಾಸ್ಯ ಚಿತ್ರ ಬೇರೆ ಎಂದು ವಿಂಗಡಿಸಿ ಸ್ವಾನ್ಸನ್ ಮತ್ತು ಹಾಲಿಡೇ ಇಬ್ಬರಿಗೂ ಕೊಟ್ಟು ಜಗಳದಿಂದ ಪಾರಾದರು. ಐವರಲ್ಲಿ ನಾಲ್ವರಿಗೆ ಎಲ್ಲಾದರೊಂದು ಕಡೆ ಪಟ್ಟ ಸಿಕ್ಕಿದೆ. ಹಾಗಾಗಿ ನೀವು ಯಾರ ಪಕ್ಷ ಹಿಡಿದರೂ ಒಂಟಿಯಾಗುವುದಿಲ್ಲ.

ಮೊದಲು ಮತದ ಲೆಕ್ಕ

ಆಸ್ಕರಿನ ನಟಿ ವಿಭಾಗದಲ್ಲಿ ಒಬ್ಬರಿಗೆ ಒಂದೇ ಮತ, ಎಲ್ಲರಿಗಿಂತ ಹೆಚ್ಚು ಬಂದವರು ಗೆದ್ದರು. ಅರ್ಧದಷ್ಟು ಮತ ಬರಲೇಬೇಕೆಂದಿಲ್ಲ. ಯಾರಿಗೆ ಎಷ್ಟು ಬಂತೆಂದು ಅಕಾಡೆಮಿ ಹೇಳುವುದೂ ಇಲ್ಲ. ಒಂದೇ ಚಿತ್ರದ ಇಬ್ಬರು ನಾಯಕಿಯರು ಒಂದೇ ಪಟ್ಟಿಯಲ್ಲಿ ನಿಂತರೆ ಏನಾಗುತ್ತದೆ? ಲೆಕ್ಕಕ್ಕೆಂದು ನೂರು ಮತ ಇಟ್ಟುಕೊಳ್ಳಿ. ಹಾಲಿಡೇ 27, ಸ್ವಾನ್ಸನ್ 25, ಡೇವಿಸ್ 22, ಪಾರ್ಕರ್ 14, ಬ್ಯಾಕ್ಸ್‌ಟರ್ 12. 'ಈವ್' ಚಿತ್ರದ ಅಭಿಮಾನಿಗಳೆಲ್ಲ ಸೇರಿದರೆ 34, ಆದರೆ ಗೆದ್ದದ್ದು 27. ಮತ ಒಡೆಯುವುದೆಂದರೆ ಏನೆಂದು ಮಂಜೇಶ್ವರದ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2016ರ ವಿಧಾನಸಭಾ ಚುನಾವಣೆ ಅಲ್ಲಿ ತೀರ್ಮಾನವಾದದ್ದು 89 ಮತಗಳ ಅಂತರದಲ್ಲಿ. ಆಗ ಯಾರ ಮತ ಯಾರ ಕಡೆ ಹೋಯಿತು ಎಂಬ ಚರ್ಚೆ ಇಂದಿಗೂ ನಿಂತಿಲ್ಲ.

ಬ್ಯಾಕ್ಸ್‌ಟರ್‌ರನ್ನು ಪೋಷಕ ನಟಿಯ ವಿಭಾಗಕ್ಕೆ ಕಳಿಸಿದ್ದರೆ ಡೇವಿಸ್ ಗೆಲ್ಲುತ್ತಿದ್ದರು ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಇರಬಹುದು. ಆದರೆ ಇದು ಡೇವಿಸ್ ಏಕೆ ಸೋತರು ಎನ್ನುವುದಕ್ಕೆ ಉತ್ತರ, ಅವರು ಎಷ್ಟು ಚೆನ್ನಾಗಿ ನಟಿಸಿದರು ಎನ್ನುವುದಕ್ಕಲ್ಲ. ಚೀಟಿ ಬರೆಯುವಾಗ ಈ ಲೆಕ್ಕವನ್ನು ಹೊರಗಿಡಿ. ಹಾಗೆಯೇ "ಇದು ಅವರ ಸರದಿ" ಎಂಬ ಮಾತನ್ನೂ. ಡೇವಿಸ್ ಆಗಲೇ ಎರಡು ಆಸ್ಕರ್ ಗೆದ್ದಿದ್ದರು, 1935ರ 'ಡೇಂಜರಸ್' ಮತ್ತು 1938ರ 'ಜೆಜೆಬೆಲ್' ಚಿತ್ರಗಳಿಗೆ. ಸ್ವಾನ್ಸನ್ ಆಸ್ಕರಿನ ಮೊದಲ ವರ್ಷದಲ್ಲೇ ಪಟ್ಟಿಯಲ್ಲಿದ್ದವರು, ಗೆದ್ದದ್ದು ಎಂದೂ ಇಲ್ಲ. ಒಬ್ಬರಿಗೆ ಸಾಕು, ಇನ್ನೊಬ್ಬರಿಗೆ ಪಾಪ ಎಂದು ಹೇಳುತ್ತ ಹೋದರೆ ನಾವು ಹಂಚುವುದು ಪಿಂಚಣಿ, ಪ್ರಶಸ್ತಿಯಲ್ಲ.

ಬೆಟ್ಟಿ ಡೇವಿಸ್: ಮಾತಿನ ಬೆಂಕಿ

ನಲವತ್ತು ತುಂಬಿದ ನಾಟಕರಂಗದ ತಾರೆ ಮಾರ್ಗೋ ಚಾನಿಂಗ್. ಅವಳ ಮನೆಗೆ ಅಭಿಮಾನಿಯಾಗಿ ಬಂದು ಸೇರಿಕೊಳ್ಳುವ ಈವ್ ಎಂಬ ಹುಡುಗಿ ಮೆಲ್ಲಗೆ ಅವಳ ಜಾಗಕ್ಕೇ ಕೈ ಹಾಕುತ್ತಾಳೆ. ಈ ಪಾತ್ರ ಮೊದಲು ಕ್ಲೋಡೆಟ್ ಕೋಲ್ಬರ್ಟ್ ಮಾಡಬೇಕಿತ್ತು. ಅವರ ಬೆನ್ನಿಗೆ ಪೆಟ್ಟಾಗಿ ಕೊನೇ ಗಳಿಗೆಯಲ್ಲಿ ಡೇವಿಸ್‌ಗೆ ಬಂತು. ಆಗ ಡೇವಿಸ್‌ಗೆ 42.

ನಮ್ಮ ಗುಂಪಿನ ಹಿರಿಯರು, ಇಂಗ್ಲಿಷ್ ಕಲಿಸಿ ನಿವೃತ್ತರಾದ ಮಾಷ್ಟ್ರು, ಶುರುವಿನಿಂದ ಕೊನೆಯವರೆಗೆ ಡೇವಿಸ್ ಪಕ್ಷ. "ಒಂದೊಂದು ಮಾತೂ ಚಾಟಿಯೇಟು ಮಾರಾಯ್ರೆ, ಅದನ್ನು ಬಾಯಲ್ಲಿ ಹೊರಳಿಸುವ ಚಂದ ನೋಡಿ" ಎಂದರು. ಅದಕ್ಕೆ ಬದಿಯಡ್ಕದ ಕಡೆಯಿಂದ ಬರುವ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಕ್ಕನ ಉತ್ತರ: "ಮಾಷ್ಟ್ರೇ, ಆ ಮಾತು ಬರೆದವರಿಗೆ ಬೇರೆಯೇ ಆಸ್ಕರ್ ಕೊಟ್ಟಾಗಿದೆಯಲ್ಲ?" ಹೌದು, ಕೊಟ್ಟಾಗಿದೆ. ಚಿತ್ರ ಬರೆದು ನಿರ್ದೇಶಿಸಿದ ಜೋಸೆಫ್ ಮ್ಯಾನ್‌ಕೀವಿಜ್ ಆ ರಾತ್ರಿ ಚಿತ್ರಕಥೆಗೊಂದು, ನಿರ್ದೇಶನಕ್ಕೊಂದು ಎಂದು ಎರಡು ಪ್ರಶಸ್ತಿ ಒಯ್ದರು. ಚಿತ್ರ 14 ವಿಭಾಗಗಳಲ್ಲಿ ಹೆಸರು ಪಡೆದು 6 ಗೆದ್ದಿತು. ನಾಲ್ವರು ನಟಿಯರು ಒಂದೇ ಚಿತ್ರದಿಂದ ಪಟ್ಟಿಗೆ ಬಂದರು, ಒಬ್ಬರಿಗೂ ಸಿಗಲಿಲ್ಲ.

ಆ ಅಕ್ಕನ ಮಾತಿನಲ್ಲಿ ಈ ಮಾರ್ಗದರ್ಶಿಗೆ ಬೇಕಾದ ಮೊದಲ ಪರೀಕ್ಷೆ ಇದೆ: ಬರೆದದ್ದನ್ನು ಪಕ್ಕಕ್ಕಿಟ್ಟರೆ ನಟಿಯದೆಂದು ಏನು ಉಳಿಯುತ್ತದೆ? ಟಿವಿಯ ಧ್ವನಿ ಪೂರ್ತಿ ಮುಚ್ಚಿ ಒಂದು ದೃಶ್ಯ ನೋಡಿ. ಡೇವಿಸ್ ಈ ಪರೀಕ್ಷೆಯಲ್ಲಿ ಬೀಳುವುದಿಲ್ಲ. ಪಾರ್ಟಿ ಶುರುವಾಗುವ ಮುಂಚೆ ಮಾರ್ಗೋ ತನ್ನ ಪ್ರಿಯಕರನೊಡನೆ ಜಗಳಾಡುತ್ತಿದ್ದಾಳೆ. ಪಕ್ಕದಲ್ಲಿ ಮಿಠಾಯಿಯ ಭರಣಿ. ಒಂದು ಚಾಕೊಲೇಟ್ ತೆಗೆಯುತ್ತಾಳೆ, ತೂಕದ ನೆನಪಾಗಿ ಮತ್ತೆ ಹಾಕುತ್ತಾಳೆ, ಅತ್ತಿತ್ತ ನಡೆಯುತ್ತಾಳೆ, ಕಣ್ಣು ಭರಣಿಯ ಕಡೆಗೇ. ಜಗಳ ಏರಿದಾಗ ಕೊನೆಗೂ ಬಾಯಿಗೆ ಹಾಕಿಬಿಡುತ್ತಾಳೆ. ವಯಸ್ಸಾಗುವ ಭಯ, ಮೈ ಬೆಳೆಯುವ ಭಯ, ಇವತ್ತು ಏನಾದರಾಗಲಿ ಎಂಬ ಹಟ, ಇಷ್ಟೂ ಒಂದು ಚಾಕೊಲೇಟಿನಲ್ಲಿದೆ. ತುಟಿಯಲ್ಲಿ ಆಡುತ್ತಿರುವುದು ಪೂರಾ ಬೇರೆ ವಿಷಯ.

ಇನ್ನು ಮೊದಲ ಬಾರಿ ಈವ್ ಅವಳನ್ನು ಹತ್ತಿರದಿಂದ ನೋಡುವ ಗ್ರೀನ್ ರೂಮಿನ ದೃಶ್ಯ. ಕೂದಲು ಬಲೆಯೊಳಗೆ, ಮುಖಕ್ಕೆ ಕ್ರೀಮು, ತಾರೆ ಎನ್ನುವುದರ ಕುರುಹೇ ಇಲ್ಲ. ಹಾಗೆ ಕಾಣಿಸಿಕೊಳ್ಳಲು ಆ ಕಾಲದ ಎಷ್ಟು ನಾಯಕಿಯರು ಒಪ್ಪುತ್ತಿದ್ದರು? ಡೇವಿಸ್ ವಿರುದ್ಧ ನನ್ನದೊಂದೇ ತಕರಾರು: ಕೊನೆಯ ಭಾಗದಲ್ಲಿ ಚಿತ್ರ ಮಾರ್ಗೋಳನ್ನು ಬದಿಗೆ ಸರಿಸಿ ಈವ್ ಹಿಂದೆ ಹೋಗುತ್ತದೆ. ಹಿಮದಲ್ಲಿ ಕಾರು ನಿಂತು, ಗೆಳತಿಯ ಪಕ್ಕ ಕೂತು ತನ್ನ ಬಾಳಿನ ಬಗ್ಗೆ ಮಾತಾಡುವ ದೃಶ್ಯದ ನಂತರ ಅವಳಿಗೆ ಹೊಸದಾಗಿ ಏರಲು ಮೆಟ್ಟಿಲೇ ಉಳಿದಿಲ್ಲ.

ಆ್ಯನ್ ಬ್ಯಾಕ್ಸ್‌ಟರ್: ಪಟ್ಟಿಯ ಪ್ರಶ್ನೆ

ಈವ್ ಪಾತ್ರ ನಾಯಕಿಯದೇ, ಪೋಷಕವೇ? ಚಿತ್ರದ ಹೆಸರೇ ಅವಳದು, ಹಾಗಾಗಿ ನಾಯಕಿ ಎನ್ನುವುದಕ್ಕೆ ಬಲವಿದೆ. ಬ್ಯಾಕ್ಸ್‌ಟರ್ 1946ರ 'ದ ರೇಜರ್ಸ್ ಎಜ್' ಚಿತ್ರಕ್ಕೆ ಪೋಷಕ ನಟಿಯ ಆಸ್ಕರ್ ಆಗಲೇ ಪಡೆದಿದ್ದರು. ಈ ಗೊಂದಲ ಹಾಲಿವುಡ್‌ನದ್ದು ಮಾತ್ರವಲ್ಲ. 'ಉಳ್ಳೊಳುಕ್ಕ್' ಚಿತ್ರದ ಒಂದೇ ಪಾತ್ರಕ್ಕೆ ಉರ್ವಶಿಯವರಿಗೆ ಕೇರಳ ಸರಕಾರ 2024ರಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಕೊಟ್ಟಿತು, 'ತಡವು' ಚಿತ್ರದ ಬೀನಾ ಆರ್. ಚಂದ್ರನ್ ಜತೆ ಹಂಚಿ. 2025ರಲ್ಲಿ ರಾಷ್ಟ್ರ ಪ್ರಶಸ್ತಿಯವರು ಅದೇ ಪಾತ್ರವನ್ನು ಪೋಷಕ ನಟಿ ವಿಭಾಗಕ್ಕೆ ಹಾಕಿದರು. ಇದು ಹೇಗೆ ಪೋಷಕ ಪಾತ್ರವಾಯಿತು ಎಂದು ಉರ್ವಶಿ ಬಹಿರಂಗವಾಗಿಯೇ ಪ್ರಶ್ನಿಸಿದರು. ಅದೇ ಚಿತ್ರದಲ್ಲಿ ಅವರಿಗೆ ಸರಿಸಾಟಿಯಾಗಿ ನಿಂತ ಪಾರ್ವತಿ ತಿರುವೋತ್ತು ಇವೆರಡರಲ್ಲೂ ಬರಿಗೈ. ಅಂದರೆ ಇಬ್ಬರು ಹೆಂಗಸರು ಒಂದು ಚಿತ್ರವನ್ನು ಸಮನಾಗಿ ಹೊತ್ತರೆ ಅವರನ್ನು ಯಾವ ಕಪಾಟಿನಲ್ಲಿಡಬೇಕೆಂದು ಯಾವ ಊರಿನ ತೀರ್ಪುಗಾರರಿಗೂ ತಿಳಿಯುವುದಿಲ್ಲ.

ಬ್ಯಾಕ್ಸ್‌ಟರ್ ಅಭಿನಯದಲ್ಲಿ ನೋಡಬೇಕಾದ್ದು ಮಾರ್ಗೋಳ ಉಡುಪನ್ನು ಮೈಗೆ ಹಿಡಿದುಕೊಂಡು, ಇಲ್ಲದ ಪ್ರೇಕ್ಷಕರಿಗೆ ಬಾಗಿ ವಂದಿಸುವ ಗಳಿಗೆ. ಒಳ್ಳೆಯ ಕೆಲಸ. ಆದರೂ ಈವ್‌ಳ ಸೋಗು ನಮಗೆ ಬೇಗನೆ ಗೊತ್ತಾಗಿಬಿಡುತ್ತದೆ. ಉಳಿದವರೆಲ್ಲ ಅಷ್ಟು ಹೊತ್ತು ಹೇಗೆ ಮೋಸ ಹೋದರು ಎಂದು ಅನಿಸಿದರೆ ಆ ಕೊರತೆ ನಟಿಯದೇ. ನಮ್ಮಲ್ಲಿ ಇವರ ಪಕ್ಷ ಯಾರೂ ಹಿಡಿಯಲಿಲ್ಲ.

ಗ್ಲೋರಿಯಾ ಸ್ವಾನ್ಸನ್: ತನ್ನದೇ ನೆರಳಿನ ಎದುರು

ಮೂಕಿ ಚಿತ್ರಗಳ ಕಾಲದ ಮರೆತುಹೋದ ತಾರೆ ನಾರ್ಮಾ ಡೆಸ್ಮಂಡ್. ಹಳೇ ಬಂಗಲೆ, ಒಬ್ಬ ಸೇವಕ, ಸಿಕ್ಕಿಬಿದ್ದ ಒಬ್ಬ ಬಡ ಚಿತ್ರಕಥೆಗಾರ. ಸ್ವಾನ್ಸನ್ ನಿಜಕ್ಕೂ ಮೂಕಿ ಕಾಲದ ದೊಡ್ಡ ತಾರೆ. ಸೇವಕನ ಪಾತ್ರದ ಎರಿಕ್ ಫಾನ್ ಸ್ಟ್ರೋಹೈಮ್ ಹಿಂದೆ ಅವರನ್ನು ನಿರ್ದೇಶಿಸಿದವರು; ಬಂಗಲೆಯಲ್ಲಿ ಓಡಿಸುವ ಹಳೇ ರೀಲು ಅವರಿಬ್ಬರದೇ 'ಕ್ವೀನ್ ಕೆಲಿ'. ಸ್ಟುಡಿಯೋದಲ್ಲಿ ಸಿಗುವ ಸೆಸಿಲ್ ಬಿ. ಡಿಮಿಲ್ ತಾವೇ ತಾವಾಗಿ ಬರುತ್ತಾರೆ, ಅವರೂ ಸ್ವಾನ್ಸನ್‌ರನ್ನು ನಿರ್ದೇಶಿಸಿದವರೇ. ಗೋಡೆ, ಮೇಜಿನ ಮೇಲಿನ ಫೋಟೋಗಳೆಲ್ಲ ಸ್ವಾನ್ಸನ್‌ರವೇ.

ಇದನ್ನು ಕೇಳಿದ ಕೂಡಲೇ "ಮತ್ತೆ ನಟನೆ ಎಲ್ಲಿ ಬಂತು, ತನ್ನ ಬಾಳನ್ನೇ ಆಡಿದರಲ್ಲ" ಎನ್ನುವವರಿದ್ದಾರೆ. ಅದು ದುಡುಕು. ಸ್ವಾನ್ಸನ್ ಬಂಗಲೆಯಲ್ಲಿ ಬಾಗಿಲು ಮುಚ್ಚಿ ಕೂತವರಲ್ಲ. 1948ರಲ್ಲಿ ನ್ಯೂಯಾರ್ಕಿನಲ್ಲಿ ಟಿವಿ ಕಾರ್ಯಕ್ರಮ ನಡೆಸುತ್ತಿದ್ದವರು. ಕಾಲದೊಂದಿಗೆ ಹೊಂದಿಕೊಂಡ ಹೆಂಗಸು, ಹೊಂದಿಕೊಳ್ಳಲಾರದ ಹೆಂಗಸನ್ನು ಆಡಿದ್ದಾರೆ. ಅದೂ ಮೂಕಿ ಕಾಲದ ದೊಡ್ಡ ಕಣ್ಣು, ಉಗುರು ಬಿಚ್ಚಿದ ಕೈಗಳನ್ನು ಮಾತಿನ ಚಿತ್ರದೊಳಗೆ ತಂದು, ಅದು ಅಪಹಾಸ್ಯವಾಗದ ಹಾಗೆ. ಇಲ್ಲೊಂದು ಕೂದಲೆಳೆ ತಪ್ಪಿದ್ದರೂ ಜನ ನಗುತ್ತಿದ್ದರು.

ಎರಡು ಕಡೆ ಕಣ್ಣಿಟ್ಟು ನೋಡಿ. ಒಂದು, ನಾರ್ಮಾ ಸ್ಟುಡಿಯೋಗೆ ಬಂದು ಕುರ್ಚಿಯಲ್ಲಿ ಕೂತಾಗ ಹಿಂದಿನಿಂದ ಸರಿದು ಬರುವ ಮೈಕು ಅವಳ ಟೋಪಿಯ ಗರಿಗೆ ತಾಗುತ್ತದೆ. ಅವಳು ಅದನ್ನು ದೂರ ತಳ್ಳುವ ರೀತಿ! ತನ್ನ ಬಾಳನ್ನು ಕೆಡಿಸಿದ ಶಬ್ದಯಂತ್ರವನ್ನು ನೊಣದಂತೆ ಅಟ್ಟುತ್ತಾಳೆ, ಮಾತೇ ಇಲ್ಲ. ಮುಂದಿನ ಗಳಿಗೆ ಮೇಲಿನಿಂದ ಒಬ್ಬ ಹಳೇ ಲೈಟಿನವ ಗುರುತು ಹಿಡಿದು ಬೆಳಕು ಬಿಡುತ್ತಾನೆ, ಮುಖ ಅರಳುತ್ತದೆ. ಇನ್ನೊಂದು, ಚಿತ್ರಕಥೆಗಾರನನ್ನು ನಗಿಸಲು ಅವಳು ಚಾಪ್ಲಿನ್ ವೇಷ ಹಾಕುವುದು. ಗುಂಡು ಟೋಪಿ, ಮೀಸೆ, ಬೆತ್ತ, ಆ ನಡಿಗೆ. ಐವತ್ತರ ಸ್ವಾನ್ಸನ್ ಎಷ್ಟು ಹಗುರ! ಸ್ಟುಡಿಯೋದಿಂದ ಫೋನ್ ಎಂದ ಕೂಡಲೇ ಅದೇ ಮುಖದಲ್ಲಿ ರಾಣಿ ಮರಳಿ ಬಂದು ಕೂರುತ್ತಾಳೆ.

ಸ್ವಾನ್ಸನ್ ಗೆಲ್ಲಬೇಕಿತ್ತು ಎಂದು ಯಾರಾದರೂ ಹೇಳಿದರೆ ನಾನು ಜೋರಾಗಿ ವಾದಿಸುವುದಿಲ್ಲ. ಆದರೆ ಇಲ್ಲಿ ಎರಡನೇ ಪರೀಕ್ಷೆ ತರಬೇಕಾಗುತ್ತದೆ: ಪಾತ್ರ ಮೊದಲಿನಿಂದ ಕೊನೆಗೆ ಎಷ್ಟು ದೂರ ನಡೆಯಿತು? ನಾರ್ಮಾ ಶುರುವಿನಲ್ಲೇ ಭ್ರಮೆಯ ಅಂಚಿನಲ್ಲಿದ್ದಾಳೆ, ಕೊನೆಗೆ ಅಂಚು ದಾಟುತ್ತಾಳೆ. ಇಳಿಯುವ ಆ ಮೆಟ್ಟಿಲು ಜಗತ್ಪ್ರಸಿದ್ಧ, ಸರಿ. ದಾರಿ ಮಾತ್ರ ಗಿಡ್ಡ.

ಎಲೆನರ್ ಪಾರ್ಕರ್: ಯಾರೂ ನೋಡದ ಚಿತ್ರ

'ದ ಸೌಂಡ್ ಆಫ್ ಮ್ಯೂಸಿಕ್' ನೋಡಿದವರಿಗೆಲ್ಲ ಪಾರ್ಕರ್ ಗೊತ್ತು, ಕ್ಯಾಪ್ಟನ್‌ನನ್ನು ಮದುವೆಯಾಗಲು ಬಂದ ಆ ಠೀವಿಯ ಬ್ಯಾರನೆಸ್. ಅದಕ್ಕೆ 15 ವರ್ಷ ಮುಂಚಿನ 'ಕೇಜ್ಡ್' ನೋಡಿದರೆ ಇವರೇ ಅವರೇ ಎಂದು ನಂಬುವುದು ಕಷ್ಟ. ಮೇರಿ ಎಂಬ 19ರ ಹುಡುಗಿ. ಗಂಡ ಕಳ್ಳತನಕ್ಕೆ ಹೋಗಿ ಸತ್ತ, ಜತೆಗಿದ್ದ ತಪ್ಪಿಗೆ ಇವಳಿಗೆ ಜೈಲು. ಬಸುರಿ. ಹೆತ್ತ ಮಗುವನ್ನು ಸ್ವಂತ ತಾಯಿಯೇ ಇಟ್ಟುಕೊಳ್ಳಲು ಒಪ್ಪುವುದಿಲ್ಲ. ಬಚ್ಚಿಟ್ಟು ಸಾಕಿದ ಬೆಕ್ಕಿನ ಮರಿಯೂ ಉಳಿಯುವುದಿಲ್ಲ. ಕ್ರೂರಿ ಮೇಟ್ರನ್ ತಲೆ ಬೋಳಿಸುತ್ತಾಳೆ. ಬಿಡುಗಡೆಯಾಗಿ ಹೊರಬರುವ ಮೇರಿ ಕಲ್ಲಾಗಿದ್ದಾಳೆ, ಅವಳ ಕಡತ ಮುಚ್ಚಬೇಡಿ, ಮತ್ತೆ ಬರುತ್ತಾಳೆ ಎಂದು ಅಧೀಕ್ಷಕಿ ಹೇಳುವಲ್ಲಿಗೆ ಚಿತ್ರ ಮುಗಿಯುತ್ತದೆ.

ದೂರದ ಲೆಕ್ಕದಲ್ಲಿ ಐವರಲ್ಲಿ ಅತಿ ಹೆಚ್ಚು ನಡೆದವರು ಪಾರ್ಕರ್. ಮೊದಲ ದೃಶ್ಯದಲ್ಲಿ ತೂಗುವ ಆ ಕಣ್ಣು, ಮೆತ್ತನೆಯ ದನಿ. ಕೊನೆಯದರಲ್ಲಿ ಒಣಗಿದ ದನಿ, ನಿಂತ ಭಂಗಿಯಲ್ಲೇ ಬೇರೆ ಲೆಕ್ಕ. ನಮ್ಮ ನರ್ಸ್ ಅಕ್ಕನ ಮತ ಇವರಿಗೇ ಬಿತ್ತು. "ಹೆರಿಗೆ ವಾರ್ಡಿನಲ್ಲಿ ಆ ಮುಖ ನಾನು ನೋಡಿದ್ದೇನೆ, ಮಗು ಹುಟ್ಟಿದ ಮೇಲೆ ಯಾರೂ ಬರದೆ ಇದ್ದವರ ಮುಖ" ಎಂದರು. ಮಾಷ್ಟ್ರು ಕೂಡ ಸ್ವಲ್ಪ ಹೊತ್ತು ಸುಮ್ಮನಾದರು, ಅದೇ ದೊಡ್ಡದು. ನನ್ನ ಸಮಸ್ಯೆ ಎಂದರೆ ಮೇರಿಗೆ ಎಲ್ಲವೂ ಹೊರಗಿನಿಂದ ಆಗುತ್ತದೆ. ಒಂದಾದ ಮೇಲೊಂದು ಪೆಟ್ಟು ಬೀಳುತ್ತದೆ, ಅವಳು ಗಟ್ಟಿಯಾಗುತ್ತ ಹೋಗುತ್ತಾಳೆ. ನಮ್ಮ ಕರುಣೆ ಯಾವುದಕ್ಕೆ, ನಟನೆಗೋ ಪೆಟ್ಟಿಗೋ ಎಂದು ಬಿಡಿಸಿ ನೋಡುವುದು ಇಲ್ಲಿ ಕಷ್ಟ.

ಜೂಡಿ ಹಾಲಿಡೇ: ನಗಿಸಿದ ತಪ್ಪಿಗೆ

ಯಕ್ಷಗಾನ ನೋಡಿ ಬೆಳೆದವರಿಗೆ ನಾನು ಹೀಗೆ ಹೇಳುತ್ತೇನೆ. ಸ್ವಾನ್ಸನ್ ಬಣ್ಣದ ವೇಷ, ಡೇವಿಸ್ ತಾಳಮದ್ದಳೆಯ ಅರ್ಥಧಾರಿ, ಹಾಲಿಡೇ ಹಾಸ್ಯಗಾರ. ಬಣ್ಣದ ವೇಷದ ಅಬ್ಬರಕ್ಕೆ ಮಕ್ಕಳೂ ನಿದ್ದೆಯಿಂದ ಏಳುತ್ತವೆ, ಅರ್ಥಧಾರಿಯ ಒಂದು ಮಾತನ್ನು ಜನ ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಾರೆ. ಹಾಸ್ಯಗಾರ ಬಂದ, ನಗಿಸಿದ, ಹೋದ. ಪ್ರಸಂಗ ಪೂರ್ತಿ ಗೊತ್ತಿದ್ದವನೇ ಹಾಸ್ಯಗಾರನಾಗಬೇಕು ಎಂದು ಪಾರ್ತಿಸುಬ್ಬನ ನಾಡಿನವರಾದ ನಾವೇ ಹೇಳುತ್ತೇವೆ, ಸನ್ಮಾನದ ಶಾಲು ಹೊದಿಸುವಾಗ ಮರೆಯುತ್ತೇವೆ.

ಸಿನಿಮಾ ಪ್ರಶಸ್ತಿಗಳ ಕಥೆಯೂ ಇದೇ. ಕನ್ನಡದ ತೆರೆಯ ಮೇಲೆ ಎಷ್ಟೋ ವರ್ಷ ನಗಿಸಿದ ಉಮಾಶ್ರೀಯವರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು 2008ರ 'ಗುಲಾಬಿ ಟಾಕೀಸ್' ಚಿತ್ರದ ಗಂಭೀರ ಪಾತ್ರಕ್ಕೆ. ಮಲಯಾಳದಲ್ಲಿ ಸಲೀಂ ಕುಮಾರ್, ಸುರಾಜ್ ವೆಂಞಾರಮೂಡು ಇಬ್ಬರೂ ನಗಿಸಿ ನಗಿಸಿ ಹೆಸರಾದವರು, ಅತ್ಯುತ್ತಮ ನಟರಾದದ್ದು ಕಣ್ಣೀರಿನ ಚಿತ್ರಗಳಿಂದ. ಎಲ್ಲ ಪ್ರಶಸ್ತಿಯೂ ಅರ್ಹವೇ. ಆದರೆ ನಗಿಸಿದ್ದಕ್ಕೇ ಪ್ರಶಸ್ತಿ ಸಿಕ್ಕ ಉದಾಹರಣೆ ಎಷ್ಟಿದೆ? ಹಾಲಿಡೇ ಗೆದ್ದದ್ದು ಹಾಸ್ಯಕ್ಕೇ.

ಕಥೆ ಸರಳ. ಗುಜರಿ ವ್ಯಾಪಾರದಲ್ಲಿ ದುಡ್ಡು ಮಾಡಿದ ಹ್ಯಾರಿ ಬ್ರಾಕ್ ರಾಜಕಾರಣಿಯನ್ನು ಕೊಳ್ಳಲು ವಾಷಿಂಗ್‌ಟನ್‌ಗೆ ಬರುತ್ತಾನೆ. ಜತೆಯಲ್ಲಿ ಅವನ ಬಿಲ್ಲಿ. ಅವಳ ಮಾತು, ರೀತಿ ದೊಡ್ಡವರ ನಡುವೆ ಮರ್ಯಾದೆ ತೆಗೆಯುತ್ತದೆಂದು ಅವಳಿಗೆ ಪಾಠ ಹೇಳಲು ಒಬ್ಬ ಪತ್ರಕರ್ತನನ್ನು ನೇಮಿಸುತ್ತಾನೆ. (ಪತ್ರಕರ್ತನಾಗಿ ವಿಲಿಯಂ ಹೋಲ್ಡನ್, 'ಸನ್‌ಸೆಟ್ ಬುಲೆವಾರ್ಡ್'ನ ಚಿತ್ರಕಥೆಗಾರನೂ ಅವರೇ. ಆ ವರ್ಷ ಪಟ್ಟಿಯ ಇಬ್ಬರು ನಟಿಯರ ಎದುರು ನಿಂತು ಇಬ್ಬರಿಗೂ ಜಾಗ ಬಿಟ್ಟುಕೊಟ್ಟ ಆತನ ಬಗ್ಗೆ ಬೇರೆಯೇ ಬರೆಯಬೇಕು.) ಬ್ರಾಕ್ ತನ್ನ ಕಂಪನಿಗಳನ್ನೆಲ್ಲ ಬಿಲ್ಲಿಯ ಹೆಸರಲ್ಲಿ ಬೇನಾಮಿ ಮಾಡಿಟ್ಟಿದ್ದಾನೆ. ಓದಲು ಕಲಿತ ಬಿಲ್ಲಿ ತಾನು ಸಹಿ ಹಾಕುತ್ತಿರುವ ಕಾಗದವನ್ನೂ ಓದುತ್ತಾಳೆ. ಅಲ್ಲಿಂದ ಮುಂದೆ ಬ್ರಾಕ್‌ನ ಕತೆ ಮುಗಿದ ಹಾಗೆ.

ಇಸ್ಪೀಟಿನ ದೃಶ್ಯ ನೋಡಿದವರು ಮರೆಯುವುದಿಲ್ಲ. ಬಿಲ್ಲಿ ಮತ್ತು ಬ್ರಾಕ್ ಎದುರುಬದುರು. ಎಲೆ ಕೈಗೆ ಬಂದದ್ದೇ ಅವಳು ಸರಸರ ಜೋಡಿಸುತ್ತಾಳೆ, ಒಂದನ್ನು ಎತ್ತಿ ಇನ್ನೊಂದರ ಪಕ್ಕಕ್ಕೆ, ಮತ್ತೆ ಬದಲಿಸಿ, ಪಕ್ಕಾ ಮಾಡಿ, ತನ್ನಷ್ಟಕ್ಕೆ ಹಾಡು ಗುನುಗುತ್ತಾಳೆ. ಎದುರಿನವನ ಕಡೆ ನೋಟವೇ ಇಲ್ಲ. ಆಟ ಗೆದ್ದು ಎಲೆ ಇಳಿಸುತ್ತಾಳೆ, ದುಡ್ಡು ವಸೂಲಿ ಮಾಡುತ್ತಾಳೆ, ಮತ್ತೆ ಗುನುಗು. ಬ್ರಾಕ್‌ನ ಸಿಟ್ಟು ಏರುತ್ತ ಹೋಗುತ್ತದೆ. ಬಹಳ ಹೊತ್ತು ನಡೆಯುವ ಈ ದೃಶ್ಯದಲ್ಲಿ ಮಾತು ಬೆರಳೆಣಿಕೆಯಷ್ಟು. ನಮ್ಮ ಕೋಣೆಯಲ್ಲಿ ಬಿದ್ದು ಬಿದ್ದು ನಕ್ಕರು. ನಗುವಿನಡಿಯಲ್ಲಿ ಹಾಲಿಡೇ ಏನು ಮಾಡಿದ್ದಾರೆಂದು ಎರಡನೇ ಸಲ ನೋಡುವಾಗಲೇ ನನಗೆ ಹೊಳೆದದ್ದು: ಬಿಲ್ಲಿ ದಡ್ಡಿಯಲ್ಲ ಎಂಬುದನ್ನು ಗುರು ಬರುವ ಮುಂಚೆಯೇ ಅವರು ನಮಗೆ ತೋರಿಸಿಬಿಟ್ಟಿದ್ದಾರೆ. ಆ ವೇಗದ ಕೈ, ಆ ಲೆಕ್ಕ ದಡ್ಡರದ್ದಲ್ಲ. ಹಾಗಾಗಿ ಮುಂದೆ ಅವಳು ಕಲಿಯುವುದು ನಂಬುವಂತಿದೆ. ಗುರು ಅವಳೊಳಗೆ ಬುದ್ಧಿ ತುಂಬಲಿಲ್ಲ, ಇದ್ದದ್ದಕ್ಕೆ ಕಿಟಕಿ ತೆರೆದ.

ಧ್ವನಿಯ ವಿಷಯದಲ್ಲಿ ನಮಗೊಂದು ತೊಡಕಿದೆ. ಕುಂಬಳೆಯವರ ಕನ್ನಡ, ಹವ್ಯಕರ ಮನೆಮಾತು, ಮಂಗಳೂರಿನ ಪೇಟೆ ಕನ್ನಡ ಇವುಗಳನ್ನು ಒಂದೇ ವಾಕ್ಯದಲ್ಲಿ ಗುರುತಿಸುವ ಕಿವಿ ನಮ್ಮದು, ಆದರೆ ನ್ಯೂಯಾರ್ಕಿನ ಯಾವ ಬೀದಿಯ ಇಂಗ್ಲಿಷು ಬಿಲ್ಲಿಯದು ಎಂದು ತಿಳಿಯುವುದಿಲ್ಲ. ಕೀರಲು ದನಿ ಎಂದಷ್ಟೇ ಕೇಳುತ್ತದೆ. ಅದಕ್ಕೇ ಇಂಗ್ಲಿಷ್ ಅಕ್ಷರದ ಸಾಲುಗಳನ್ನಿಟ್ಟುಕೊಂಡು ಒಮ್ಮೆ, ಅವನ್ನು ತೆಗೆದು ಮತ್ತೊಮ್ಮೆ ನೋಡಿ. ಚಿತ್ರ ಮುಂದೆ ಹೋದಂತೆ ದನಿ ಬದಲಾಗಿ ನಯವಾಗುತ್ತದೆಂದು ನಿರೀಕ್ಷಿಸುತ್ತೇವೆ, ಆಗುವುದಿಲ್ಲ. ಅದೇ ಕೀರಲು ದನಿಯಲ್ಲಿ ಅವಳು ಕೊನೆಗೆ ಬ್ರಾಕ್‌ಗೆ ಷರತ್ತು ಹಾಕುತ್ತಾಳೆ. ದನಿ ಬದಲಿಸದೆ ಆಳನ್ನು ಬದಲಿಸುವುದು ಎಷ್ಟು ಕಷ್ಟ ಎಂದು ನಾಟಕ ಆಡಿದವರಿಗೆ ಗೊತ್ತು. ಅವನು ಕೈ ಮಾಡಿ ಸಹಿ ಹಾಕಿಸುವ ದೃಶ್ಯದಲ್ಲಿ, ಅಷ್ಟು ಹೊತ್ತು ನಕ್ಕ ನಮಗೆ ನಕ್ಕದ್ದಕ್ಕೇ ನಾಚಿಕೆಯಾಗುತ್ತದೆ.

ವಿರೋಧಿಗಳ ಬಲವಾದ ವಾದವೂ ಇದೆ. ಹಾಲಿಡೇ ಈ ಪಾತ್ರವನ್ನು ಬ್ರಾಡ್‌ವೇ ರಂಗದಲ್ಲಿ 1946ರಿಂದ ವರ್ಷಗಟ್ಟಲೆ ಆಡಿದವರು. ಉಳಿದವರು ಕೆಲವು ವಾರಗಳಲ್ಲಿ ಕಟ್ಟಿದ್ದನ್ನು ಇವರು ನೂರಾರು ರಾತ್ರಿ ಉಜ್ಜಿ ಉಜ್ಜಿ ತಂದರು, ಇದು ಸಮಾನ ಪಂದ್ಯವೇ? ನಮ್ಮ ಮಾಷ್ಟ್ರ ದೊಡ್ಡ ಅಸ್ತ್ರ ಇದು. ಆದರೆ ರಂಗದ ಗಾತ್ರವನ್ನು ಕ್ಯಾಮೆರಾದ ಗಾತ್ರಕ್ಕೆ ಇಳಿಸುವುದು ಬೇರೆಯೇ ವಿದ್ಯೆ. ಇಷ್ಟಾದರೂ ಕೊಲಂಬಿಯಾ ಸ್ಟುಡಿಯೋದ ಯಜಮಾನ ಹ್ಯಾರಿ ಕೋನ್‌ಗೆ ಇವರು ಬೇಡವಾಗಿತ್ತು. 1949ರ 'ಆ್ಯಡಮ್ಸ್ ರಿಬ್' ಚಿತ್ರದ ಸಣ್ಣ ಪಾತ್ರದಲ್ಲಿ ಜನ ಮೆಚ್ಚಿದ ಮೇಲೆ ಬಾಗಿಲು ತೆರೆಯಿತು. ಎರಡಕ್ಕೂ ನಿರ್ದೇಶಕ ಜಾರ್ಜ್ ಕ್ಯೂಕರ್. ಇನ್ನೂ ಒಂದು ಗಮನಿಸಿ: 'ಬಾರ್ನ್ ಯೆಸ್ಟರ್‌ಡೇ' ಐದು ವಿಭಾಗಗಳಲ್ಲಿ ಹೆಸರು ಪಡೆದು ಗೆದ್ದದ್ದು ಇದೊಂದನ್ನೇ. ಆ ಚಿತ್ರದಿಂದ ಬಿಲ್ಲಿಯನ್ನು ತೆಗೆದರೆ ಉಳಿಯುವುದು ಸ್ವಲ್ಪ ಉಪದೇಶ, ಸ್ವಲ್ಪ ವಾಷಿಂಗ್‌ಟನ್ ಪ್ರವಾಸ.

ಪ್ರಶಸ್ತಿಯ ರಾತ್ರಿ ಹಾಲಿಡೇ ಮತ್ತು ಸ್ವಾನ್ಸನ್ ಇಬ್ಬರೂ ಹಾಲಿವುಡ್‌ನಲ್ಲಿರಲಿಲ್ಲ. ನ್ಯೂಯಾರ್ಕಿನ ಒಂದೇ ರೆಸ್ಟೋರೆಂಟಿನಲ್ಲಿ ಕೂತು ರೇಡಿಯೋ ಕೇಳುತ್ತಿದ್ದರು, ಅತ್ಯುತ್ತಮ ನಟನಾಗಿ ಗೆದ್ದ ಹೋಸೆ ಫೆರರ್ ಜತೆಗೆ. ಸೋತ ಸ್ವಾನ್ಸನ್ 1983ರವರೆಗೆ ಬದುಕಿದರು, ಡೇವಿಸ್ 1989ರವರೆಗೆ. ಗೆದ್ದ ಹಾಲಿಡೇ 1965ರಲ್ಲಿ ತೀರಿಕೊಂಡರು, 44 ತುಂಬುವ ಮೊದಲೇ, ಸ್ತನ ಕ್ಯಾನ್ಸರಿನಿಂದ. "ಅನ್ಯಾಯ" ಎಂಬ ಮಾತು ಇಷ್ಟು ಗಟ್ಟಿಯಾಗಲು ಇದೂ ಒಂದು ಕಾರಣ ಎಂದು ನನ್ನ ಗುಮಾನಿ. ನಾರ್ಮಾ, ಮಾರ್ಗೋ ಮಾತುಗಳನ್ನು ಮಿಮಿಕ್ರಿಯವರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ಇಸ್ಪೀಟು ಜೋಡಿಸುವ ಕೈಯನ್ನು ಯಾರು ಮಿಮಿಕ್ರಿ ಮಾಡುತ್ತಾರೆ?

ಚೀಟಿ ಬರೆಯುವ ಮುಂಚೆ

ನಿಮಗೆ ಮಾತಿನ ಸೊಗಸು ಮುಖ್ಯ, ಒಂದು ವ್ಯಕ್ತಿತ್ವ ಇಡೀ ಕೋಣೆಯನ್ನು ತುಂಬಬೇಕು ಎಂದಿದ್ದರೆ ಡೇವಿಸ್ ಹೊರತು ಬೇರೆ ಆಯ್ಕೆ ಇಲ್ಲ. ಅಪಾಯದ ಹಗ್ಗದ ಮೇಲೆ ನಡೆದವರಿಗೆ ಕೊಡಬೇಕೆಂದರೆ ಸ್ವಾನ್ಸನ್. ಒಬ್ಬ ಮನುಷ್ಯ ಕಣ್ಣೆದುರೇ ಇನ್ನೊಬ್ಬನಾಗಬೇಕು, ಅದು ನೋಯಿಸಬೇಕು ಎಂದರೆ ಪಾರ್ಕರ್. ಬ್ಯಾಕ್ಸ್‌ಟರ್‌ಗೆ ಮತ ಹಾಕಲು ಕಾರಣ ಹುಡುಕಿದೆ, ಸಿಗಲಿಲ್ಲ. ಸುಲಭವೆಂದು ಕಾಣುವುದರ ಹಿಂದಿನ ಕಷ್ಟವನ್ನು ಅಳೆಯುವವರು ನೀವಾದರೆ ಹಾಲಿಡೇ. ನನ್ನ ಚೀಟಿಯಲ್ಲಿದ್ದ ಹೆಸರು ಅದೇ. ಎರಡನೇ ಮತ ಇದ್ದಿದ್ದರೆ ಸ್ವಾನ್ಸನ್, ಸಂಶಯವಿಲ್ಲ.

ಐವರಿಗೆ ನಾಲ್ಕೇ ಚಿತ್ರ, ಅದೊಂದು ಅನುಕೂಲ. ನೋಡುವ ಕ್ರಮದ ಬಗ್ಗೆ ಒಂದು ಮಾತು: 'ಆಲ್ ಅಬೌಟ್ ಈವ್' ಮೊದಲು ಹಾಕಿ, 138 ನಿಮಿಷ, ಜನ ಹುರುಪಿನಲ್ಲಿರುವಾಗಲೇ ಆಗಿಬಿಡಲಿ. 96 ನಿಮಿಷದ 'ಕೇಜ್ಡ್' ಮೂರನೆಯದು. 'ಬಾರ್ನ್ ಯೆಸ್ಟರ್‌ಡೇ' ಮತ್ತು 'ಸನ್‌ಸೆಟ್ ಬುಲೆವಾರ್ಡ್' ಎರಡನ್ನೂ ಬೆನ್ನುಬೆನ್ನಿಗೆ ಹಾಕಬೇಡಿ, ಹೋಲ್ಡನ್ ಮುಖದಿಂದ ಕಥೆ ಕಲಸಿಹೋಗುತ್ತದೆ. ನಾವು ಆ ಕ್ರಮ ತಪ್ಪಿಸಲಿಲ್ಲ, ಒಬ್ಬರು ಕೊನೆಯವರೆಗೂ ಬಿಲ್ಲಿಗೆ ಪಾಠ ಹೇಳಿದವನೇ ನಾರ್ಮಾಳ ಈಜುಕೊಳದಲ್ಲಿ ಸತ್ತ ಎಂದೇ ತಿಳಿದಿದ್ದರು. ಮತ್ತೆ, ಚೀಟಿಯನ್ನು ಅಂದೇ ರಾತ್ರಿ ಬರೆಸಬೇಡಿ. ಕೊನೆಗೆ ನೋಡಿದ ಮುಖಕ್ಕೇ ಎಲ್ಲರ ಮತ ಬೀಳುತ್ತದೆ, ಒಂದು ವಾರ ಬಿಟ್ಟು ಕೇಳಿ.

ಮಾಷ್ಟ್ರು ಇನ್ನೂ ಒಪ್ಪಿಲ್ಲ. ಮುಂದಿನ ಸರದಿಗೆ 1968ರ ಪಟ್ಟಿ ಇರಲಿ ಎಂದು ಅವರದೇ ಸೂಚನೆ. ಅಲ್ಲಿ ಕ್ಯಾಥರಿನ್ ಹೆಪ್‌ಬರ್ನ್ ಮತ್ತು ಬಾರ್ಬ್ರಾ ಸ್ಟ್ರೈಸಂಡ್‌ಗೆ ಸಮಸಮ ಮತ ಬಂದು ಆಸ್ಕರ್ ಇಬ್ಬರಿಗೂ ಹೋಗಿದೆ.